ಗೇನ್ ಬದಲಿಸಲು ಆನ್-ಆಫ್-ಆನ್ ಟಾಗಲ್ ಸ್ವಿಚ್: ದೀರ್ಘ ಬಳಕೆಯ ನಂತರ

ಮನೆಯಲ್ಲೇ ಕಟ್ಟುವ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಯಾವ ಗೇನ್ ಸ್ವಿಚ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಎಂಬುದನ್ನು ಬದಲಿಸುವ ಸ್ವಿಚ್) ಹಾಕಬೇಕು ಎಂದರೆ, ವರ್ಷಗಟ್ಟಲೆ ಬಳಸಿದ ಮೇಲೂ ನನ್ನ ಉತ್ತರ ಒಂದೇ: ಎರಡು ಪೋಲ್‌ನ (ಎಡ, ಬಲ ಚಾನೆಲ್‌ಗೆ ಒಂದೊಂದು ಕಾಂಟ್ಯಾಕ್ಟ್ ಗುಂಪು), ಚಿನ್ನದ ಲೇಪನದ ಕಾಂಟ್ಯಾಕ್ಟ್‌ಗಳಿರುವ, ನಡುವೆ ಆಫ್ ಸ್ಥಾನವಿರುವ ಪುಟ್ಟ ಟಾಗಲ್. ಆದರೆ ಸ್ವಿಚ್ ಎಷ್ಟೇ ಚೆನ್ನಾಗಿದ್ದರೂ ಸರ್ಕ್ಯೂಟಿನಲ್ಲಿ ತಪ್ಪು ಜಾಗದಲ್ಲಿ ಕೂತರೆ ಹೆಡ್‌ಫೋನ್‌ಗೇ ಅಪಾಯ. ಅದಕ್ಕೇ ಮೊದಲು ಜಾಗದ ಮಾತು.

ನಾನ್-ಇನ್ವರ್ಟಿಂಗ್ ಆಪ್-ಆಂಪ್‌ನಲ್ಲಿ (ಸಿಗ್ನಲ್ಲನ್ನು ತಲೆಕೆಳಗು ಮಾಡದೆ ಹಿಗ್ಗಿಸುವ ಚಿಪ್) ಗೇನ್ ಎಂದರೆ ಫೀಡ್‌ಬ್ಯಾಕ್ ರೆಸಿಸ್ಟರನ್ನು (ಔಟ್‌ಪುಟ್‌ನಿಂದ ಚಿಪ್ಪಿನ ಇನ್ವರ್ಟಿಂಗ್ ಕಾಲಿಗೆ ಮರಳುವುದು) ಆ ಕಾಲಿನಿಂದ ಗ್ರೌಂಡ್ ಕಡೆಗೆ ಹೋಗುವ ರೆಸಿಸ್ಟರಿನಿಂದ ಭಾಗಿಸಿ ಒಂದು ಕೂಡಿಸಿದ್ದು. ಬಹಳ ಜನ ಎರಡು ಫೀಡ್‌ಬ್ಯಾಕ್ ರೆಸಿಸ್ಟರುಗಳ ನಡುವೆ ಸ್ವಿಚ್ ಹಾಕಿಬಿಡುತ್ತಾರೆ. ಲಿವರ್ ಈಚೆಯಿಂದ ಆಚೆಗೆ ಹೋಗುವ ಕೆಲವು ಮಿಲಿಸೆಕೆಂಡು ಕಾಂಟ್ಯಾಕ್ಟ್ ಎಲ್ಲಿಗೂ ತಾಗಿರುವುದಿಲ್ಲ. ಫೀಡ್‌ಬ್ಯಾಕ್ ಕಡಿದು, ಔಟ್‌ಪುಟ್ ನೇರ ಸಪ್ಲೈ ವೋಲ್ಟೇಜಿಗೆ ಹಾರುತ್ತದೆ. ಕಿವಿಗೆ ಬೀಳುವುದು ಜೋರಾದ ಢಬ್ ಸದ್ದು. ಮುಂದೆ ಕಾಂಟ್ಯಾಕ್ಟ್ ಕೊಳೆ ಹಿಡಿದು ಪೂರ್ತಿ ಬಿಟ್ಟರೆ ಆ ಡಿಸಿ (ಏಕಮುಖ ವೋಲ್ಟೇಜ್) ಅಲ್ಲೇ ನಿಂತು ಹೆಡ್‌ಫೋನಿನೊಳಗಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಡುತ್ತದೆ.

ಆದ್ದರಿಂದ ಫೀಡ್‌ಬ್ಯಾಕ್ ರೆಸಿಸ್ಟರನ್ನು ಮುಟ್ಟಲೇಬಾರದು. ಅದು 1 ಕಿಲೋಓಮ್ ಇರಲಿ. ಗ್ರೌಂಡ್ ಕಡೆಗೂ 1 ಕಿಲೋಓಮ್ ಕಾಯಂ ಬೆಸುಗೆಯಾಗಿರಲಿ. ಲಿವರ್ ನಡುವೆ ಇದ್ದಾಗ ಗೇನ್ 2, ಅಂದರೆ 6 ಡಿಬಿ (ಡೆಸಿಬೆಲ್). ಒಂದು ಕಡೆಗೆ ತಳ್ಳಿದರೆ ಇನ್ನೊಂದು 1 ಕಿಲೋಓಮ್ ಸಮಾಂತರವಾಗಿ ಸೇರಿ ಗೇನ್ 3, ಸುಮಾರು 9.5 ಡಿಬಿ. ಮತ್ತೊಂದು ಕಡೆಗೆ 330 ಓಮ್ ಸೇರಿ 5.03, ಸುಮಾರು 14 ಡಿಬಿ. ಕಾಂಟ್ಯಾಕ್ಟ್ ಕೈಕೊಟ್ಟರೆ ಸದ್ದು ತಗ್ಗುತ್ತದೆಯೇ ಹೊರತು ಏರುವುದಿಲ್ಲ. ಇಡೀ ಜೋಡಣೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ. ರೆಸಿಸ್ಟರುಗಳು ಆಪ್-ಆಂಪ್ ಕಾಲಿನ ಪಕ್ಕದಲ್ಲೇ ಇರಬೇಕು, ಸ್ವಿಚ್ ಅವುಗಳ ಗ್ರೌಂಡ್ ತುದಿಯಲ್ಲಿ. ಇನ್ವರ್ಟಿಂಗ್ ಕಾಲಿನಿಂದಲೇ ಪ್ಯಾನೆಲ್‌ವರೆಗೆ ವೈರ್ ಎಳೆದರೆ ಹಮ್ (ಗುಂಯ್ ಸದ್ದು) ಬರುತ್ತದೆ, ಕೆಲವೊಮ್ಮೆ ಆಸಿಲೇಶನ್ (ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದು) ಕೂಡ.

5ರ ಗೇನ್ ಎಲ್ಲರಿಗೂ ಬೇಕಿಲ್ಲ. 2 ವೋಲ್ಟ್ ಆರ್‌ಎಂಎಸ್ (ಪರಿಣಾಮಕಾರಿ ಮೌಲ್ಯ) ಕೊಡುವ ಡಿಎಸಿ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಇದ್ದರೆ ಔಟ್‌ಪುಟ್ 10 ವೋಲ್ಟ್ ಆರ್‌ಎಂಎಸ್, ಪೀಕ್ 14 ದಾಟುತ್ತದೆ. ±15 ವೋಲ್ಟ್ ಸಪ್ಲೈಯಲ್ಲಿ ಎನ್‌ಇ5532 ಆಪ್-ಆಂಪ್ ಅದಕ್ಕೆ ಮೊದಲೇ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ.

ಕೊಳ್ಳುವಾಗ ಎಡವುವುದು ಎರಡು ಕಡೆ. ಮೊದಲನೆಯದು ಆನ್-ಆನ್-ಆನ್ ಸ್ವಿಚ್. ಹೊರಗಿನಿಂದ ಇದೂ ಆನ್-ಆಫ್-ಆನ್ ಸ್ವಿಚ್ಚೂ ಅವಳಿಗಳ ಹಾಗೆ ಕಾಣುತ್ತವೆ. ಆದರೆ ಇದರಲ್ಲಿ ಲಿವರ್ ನಡುವೆ ಇದ್ದಾಗ ಒಂದು ಪೋಲ್ ಈ ಕಡೆ, ಇನ್ನೊಂದು ಆ ಕಡೆ ತಾಗಿರುತ್ತದೆ. ಮೇಲಿನ ಲೆಕ್ಕದಲ್ಲಿ ಎಡ ಚಾನೆಲ್‌ಗೆ 3, ಬಲಕ್ಕೆ 5: ನಾಲ್ಕೂವರೆ ಡಿಬಿ ವ್ಯತ್ಯಾಸ. ಬೆಸುಗೆಗೆ ಮುನ್ನ ಲಿವರನ್ನು ನಡುವೆ ಇಟ್ಟು ಮಲ್ಟಿಮೀಟರ್ ಹಿಡಿಯಿರಿ. ನಡುಕಾಲು ಯಾವುದಕ್ಕೂ ತಾಗಿರಬಾರದು. ಎರಡನೆಯದು ಕಾಂಟ್ಯಾಕ್ಟಿನ ಲೋಹ. ಮೈಮೇಲೆ 3 ಅಥವಾ 5 ಆಂಪಿಯರ್ ಎಂದು ಬರೆದದ್ದು ಸಾಮಾನ್ಯವಾಗಿ ಬೆಳ್ಳಿಯದು. ಬೆಳ್ಳಿಯ ಮೇಲೆ ಕಟ್ಟುವ ಸಲ್ಫೈಡ್ ಪದರವನ್ನು ಒಡೆಯಲು ಮಿಲಿವೋಲ್ಟ್ ಮಟ್ಟದ ಸಿಗ್ನಲ್ಲಿಗೆ ಶಕ್ತಿ ಸಾಲದು. ಡೇಟಾಶೀಟಿನಲ್ಲಿ 0.4 ವಿಎ (ವೋಲ್ಟ್-ಆಂಪಿಯರ್) ಎಂದಿದ್ದರೆ ಅದು ಚಿನ್ನದ್ದು, ಅದೇ ಬೇಕು. ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ 1 ಓಮ್ ಹೆಚ್ಚಾದರೆ ಕಿವಿಗೆ ಗೊತ್ತೂ ಆಗದು. ತೊಂದರೆ ಕೊಡುವುದು ತಾಗಿ ಬಿಡುವ ಕಾಂಟ್ಯಾಕ್ಟ್.

ಸ್ಲೈಡ್ ಸ್ವಿಚ್ ಅಗ್ಗ, ಆದರೆ ಮೈ ತೆರೆದಿರುವುದರಿಂದ ಬೆಸುಗೆ ಹಾಕುವಾಗ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ರಾಳ) ಒಳಗೆ ಇಳಿಯುತ್ತದೆ. ಆಲ್ಕೋಹಾಲಿನಿಂದ ತೊಳೆಯಹೊರಟರೆ ಅದು ಇನ್ನಷ್ಟು ಒಳಕ್ಕೆ. ಒಮ್ಮೆ ಹೊಂದಿಸಿ ಮರೆಯುವುದಾದರೆ ಬೋರ್ಡಿನ ಮೇಲಿನ ಡಿಪ್ ಸ್ವಿಚ್ ಸಾಕು. ರೋಟರಿ ಬೇಕೆಂದರೆ ಶಾರ್ಟಿಂಗ್ ಬಗೆಯದನ್ನು, ಅಂದರೆ ಮುಂದಿನದಕ್ಕೆ ತಾಗಿದ ಮೇಲೆ ಹಿಂದಿನದನ್ನು ಬಿಡುವುದನ್ನು ಆರಿಸಿ. ಪ್ಯಾನೆಲ್ ದೂರವಿದ್ದರೆ ಟಾಗಲ್‌ಗಿಂತ ರಿಲೇ (ಕಾಯಿಲ್‌ಗೆ ವಿದ್ಯುತ್ ಕೊಟ್ಟಾಗ ಬದಲಾಗುವ ಸ್ವಿಚ್) ವಾಸಿ: ಪ್ಯಾನಸಾನಿಕ್ ಟಿಕ್ಯೂ2ರ 12 ವೋಲ್ಟ್ ರಿಲೇ ಎಳೆಯುವುದು ಸುಮಾರು 12 ಮಿಲಿಆಂಪಿಯರ್ ಮಾತ್ರ. ಕಾಯಿಲ್‌ಗೆ ಅಡ್ಡಲಾಗಿ 1ಎನ್4148 ಡಯೋಡ್ ಹಾಕಿದರೆ, ಪ್ಯಾನೆಲ್‌ವರೆಗೆ ಓಡುವುದು ಬರೀ ಡಿಸಿ.

ಎಲ್‌ಎಂ3886 ಪವರ್ ಆಂಪ್ಲಿಫೈಯರ್‌ಗೆ ಇದೇ ಲೆಕ್ಕ ತರಬೇಡಿ. ಗೇನ್ 10ಕ್ಕಿಂತ ಕೆಳಗೆ ಆ ಚಿಪ್ ಸ್ಥಿರವಾಗಿರುವುದಿಲ್ಲ. ಫೀಡ್‌ಬ್ಯಾಕ್ 22 ಕಿಲೋಓಮ್, ಗ್ರೌಂಡ್ ಕಡೆ ಕಾಯಂ 2.2 ಕಿಲೋಓಮ್ ಇದ್ದರೆ ಗೇನ್ 11, ಸ್ವಿಚ್ 1.8 ಕಿಲೋಓಮ್ ಸೇರಿಸಿದರೆ 23. ಕಾಯಂ ರೆಸಿಸ್ಟರ್ ಇಲ್ಲದೆ ಸ್ವಿಚ್ಚನ್ನೇ ನಂಬಿದರೆ, ಅದು ಬಿಟ್ಟ ದಿನ ಗೇನ್ 1ಕ್ಕೆ ಇಳಿದು ಚಿಪ್ ಆಸಿಲೇಟ್ ಆಗುತ್ತದೆ. ಗ್ರೌಂಡ್ ಕಡೆ ಕೆಪಾಸಿಟರ್ ಇದ್ದರೆ ಚಾನೆಲ್ಲಿಗೆ ಒಂದೇ ಸಾಕು, ಎರಡೂ ರೆಸಿಸ್ಟರುಗಳಿಗೆ ಸೇರಿ. 47 ಮೈಕ್ರೋಫ್ಯಾರಡ್ ಹಾಕಿದರೆ ಹೆಚ್ಚು ಗೇನ್‌ನಲ್ಲೂ ಕಟ್-ಆಫ್ (ಯಾವುದರ ಕೆಳಗೆ ಗೇನ್ ತಗ್ಗುತ್ತದೋ ಆ ಆವರ್ತನ) 3.4 ಹರ್ಟ್ಜ್. ಪ್ರತಿ ರೆಸಿಸ್ಟರಿಗೆ ಬೇರೆ ಬೇರೆ ಕೊಟ್ಟರೆ ಸ್ವಿಚ್ ಹಾಕಿದಾಗಲೆಲ್ಲ ಖಾಲಿ ಕೆಪಾಸಿಟರ್ ಚಾರ್ಜ್ ಆಗುತ್ತಾ ಸದ್ದು ಮಾಡುತ್ತದೆ.

ಬೆಸುಗೆ ಕಾಲಿಗೆ ಮೂರು ಸೆಕೆಂಡು ಮೀರದಿರಲಿ; ಒಳಗಿನ ಪ್ಲಾಸ್ಟಿಕ್ ಮೆದುವಾದರೆ ಕಾಂಟ್ಯಾಕ್ಟ್ ವಾಲುತ್ತದೆ. ಮುಗಿದ ಮೇಲೆ ಹೆಡ್‌ಫೋನ್ ಹಾಕುವ ಮೊದಲು 1 ಕಿಲೋಹರ್ಟ್ಜ್, 100 ಮಿಲಿವೋಲ್ಟ್ ಕೊಟ್ಟು ಮೂರೂ ಸ್ಥಾನಗಳಲ್ಲಿ ಎರಡೂ ಚಾನೆಲ್ ಅಳೆಯಿರಿ: ಹೆಡ್‌ಫೋನ್ ಸರ್ಕ್ಯೂಟಿನಲ್ಲಿ ಸುಮಾರು 200, 300, 503 ಮಿಲಿವೋಲ್ಟ್ ಬರಬೇಕು. ಲಿವರನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದಾಗ ಅಂಕೆ ಜಿಗಿದರೆ ಆ ಸ್ವಿಚ್ ತೆಗೆದು ಬೇರೆ ಹಾಕಿ.