ಸ್ಕಾಟ್ಲೆಂಡಿನ ಹಳೆಯ ಊರು ಹುಡುಕಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ

ಗ್ಲಾಸ್ಗೋದಲ್ಲಿ ನೆಲೆಸಿರುವ ನಾನು, ಪತಿಯ ಮನೆತನದ ಮೂಲ ಊರನ್ನು ಪತ್ತೆ ಮಾಡಿಸಲು ಒಬ್ಬ ವಂಶಾವಳಿ ಸಂಶೋಧಕನಿಗೆ 180 ಪೌಂಡ್ ಕೊಟ್ಟು ಮೋಸಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು.

ಅತ್ತೆಯವರ ಮನೆಯ ಹಳೆಯ ಬೈಬಲ್ಲಿನಲ್ಲಿ ಅವರ ಮುತ್ತಜ್ಜನ ಹೆಸರಿನ ಮುಂದೆ ‘ಕರ್ಕ್‌ಟೂನ್, ಫಾರ್ಫರ್‌ಶೈರ್, 1838’ ಎಂದಷ್ಟೇ ಬರೆದಿತ್ತು. ಇಂಥ ಹೆಸರುಗಳು ಸಾಮಾನ್ಯರ ಕೈಗೆ ಸಿಗದ ದಫ್ತರಗಳಲ್ಲಿ ಮಾತ್ರ ಇರುತ್ತವೆ ಎಂದು ಆತ ನಂಬಿಸಿ, ಪೂರ್ತಿ ಹಣವನ್ನು ಮುಂಗಡವಾಗಿ ಪಡೆದು, ಒಂಬತ್ತು ವಾರಗಳ ನಂತರ ಚಿನ್ನದ ಬಣ್ಣದ ರಟ್ಟು ಹೊದಿಸಿದ ವರದಿಯೊಂದನ್ನು ಕಳುಹಿಸಿದ. ಊರು, ಡಮ್‌ಫ್ರೀಸ್ ಬಳಿಯ ಕರ್ಕ್‌ಟನ್ (ಕರ್ಕ್‌ಟೂನ್ ಎಂಬುದರ ಇಂದಿನ ರೂಪ)! ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಅತ್ತೆಯವರನ್ನು ಅಲ್ಲಿಗೇ ಕರೆದೊಯ್ದೆವು. ಅವರು ಅತ್ತರು, ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಮರಳಿ ಬಂದ ಮೇಲೆ ಪಕ್ಕದ ಮನೆಯ ನಿವೃತ್ತ ಶಿಕ್ಷಕರು ಫೋಟೋಗಳನ್ನು ನೋಡಿ, ಫಾರ್ಫರ್ ಇರುವುದು ಡಂಡೀಯಿಂದ ಉತ್ತರಕ್ಕಲ್ಲವೇ, ನೀವು ಇಂಗ್ಲೆಂಡಿನ ಗಡಿಯ ಕಡೆಗೇಕೆ ಹೋದಿರಿ ಎಂದು ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು. ಫಾರ್ಫರ್‌ಶೈರ್ ಎಂದರೆ ಇಂದಿನ ಆಂಗಸ್ ಜಿಲ್ಲೆ; 1928ರಲ್ಲಿ ಹೆಸರು ಬದಲಾಯಿತು. ವರದಿಯಲ್ಲಿ ಈ ಮಾತೇ ಇರಲಿಲ್ಲ. ಈ ಮಾತೇ ಇರಲಿಲ್ಲ!

ಅದೇ ರಾತ್ರಿ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಳೆಯ ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕ್ಷೆಗಳನ್ನು ತೆರೆದು ಕುಳಿತೆ. ಏರ್ಲೀ, ಆಕ್ಟರ್‌ಹೌಸ್, ಗ್ಲೆನ್‌ಐಲಾ ಮುಂತಾದ ಪ್ಯಾರಿಷ್‌ಗಳಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳಲ್ಲಿ), ಹೀಗೆ ಆಂಗಸ್ ಒಂದರಲ್ಲೇ ಹಲವು ಕರ್ಕ್‌ಟನ್‌ಗಳಿದ್ದವು, ಏಕೆಂದರೆ ಕರ್ಕ್‌ಟೂನ್ ಎಂದರೆ ಪ್ಯಾರಿಷ್ ಚರ್ಚಿನ ಸುತ್ತಲಿನ ಊರು ಎಂದಷ್ಟೇ ಅರ್ಥ. ತಾಲ್ಲೂಕು ಹೇಳದೆ ಹೊಸಹಳ್ಳಿ ಹುಡುಕುವ ಕಷ್ಟ ಗೊತ್ತಿದ್ದ ನನಗೇ ಇದು ಹೊಳೆಯಲಿಲ್ಲವಲ್ಲ! ಕೊನೆಗೆ, ಹುಟ್ಟಿದ ಪ್ಯಾರಿಷನ್ನು ದಾಖಲಿಸಿರುವ 1851ರ ಜನಗಣತಿಯ ಪುಟವನ್ನು ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ತಾಣದಿಂದ ಒಂದು ಊಟದ ಖರ್ಚಿಗಿಂತ ಕಡಿಮೆ ಹಣಕ್ಕೆ ತೆಗೆಸಿದಾಗ, ಹದಿಮೂರು ವರ್ಷದ ಆ ಹುಡುಗನ ಹೆಸರಿನ ಮುಂದೆ ಗ್ಲೆನ್‌ಐಲಾ ಎಂದಿತ್ತು.

ಸಂಶೋಧಕನಿಗೆ ಬರೆದೆ. “ಹಳೆಯ ಹೆಸರುಗಳ ಕಾಗುಣಿತ ಬದಲಾಗುತ್ತಿರುತ್ತದೆ” ಎಂಬುದು ಮೊದಲ ಉತ್ತರ. ಜಿಲ್ಲೆಯೇ ಬೇರೆಯಲ್ಲವೇ ಎಂದು ಕೇಳಿದ್ದಕ್ಕೆ, “ನೀವು ಕೇಳಿದ್ದು ಕರ್ಕ್‌ಟನ್, ನಾವು ಕೊಟ್ಟದ್ದೂ ಕರ್ಕ್‌ಟನ್; ಶುಲ್ಕ ನಮ್ಮ ಸಮಯಕ್ಕೆ, ಫಲಿತಾಂಶಕ್ಕಲ್ಲ” ಎಂದ. ಮೂರನೆಯ ಪತ್ರಕ್ಕೆ, ಗ್ಲೆನ್‌ಐಲಾ ಬಗ್ಗೆ ಹೊಸ ವರದಿ ಬೇಕಾದರೆ ಹತ್ತು ಶೇಕಡಾ ರಿಯಾಯಿತಿ ಕೊಡುವುದಾಗಿ ತಿಳಿಸಿದ. ರಿಯಾಯಿತಿಯಂತೆ!

ಪ್ಯಾರಿಷ್ ಯಾವುದೆಂದು ಹೇಳಿ ಮೂಲ ದಾಖಲೆಯ ಪ್ರತಿಯನ್ನು ತೋರಿಸದವರಿಗೆ ಪೂರ್ತಿ ಹಣ ಕೊಡಬೇಡಿ. ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಇಲ್ಲಿನ ಕಾನೂನಿನ ಪ್ರಕಾರ 100 ಪೌಂಡ್ ಮೀರಿದ ವ್ಯವಹಾರಕ್ಕೆ ಕಾರ್ಡ್ ಕೊಟ್ಟ ಸಂಸ್ಥೆಯೂ ಹೊಣೆಯಾಗುತ್ತದೆ. ನಾನು ಬ್ಯಾಂಕಿನಿಂದ ನೇರವಾಗಿ ಕಳುಹಿಸಿದ್ದೆ. ಡಮ್‌ಫ್ರೀಸಿನ ಮಣ್ಣು ಅತ್ತೆಯವರ ಗಾಜಿನ ಕಪಾಟಿನಲ್ಲಿದೆ. ಅವರಿಗೆ ಇನ್ನೂ ಹೇಳಿಲ್ಲ.