ಅಝ್ಯೂರ್ ಬ್ಯಾಚ್ ಕಮಾಂಡ್ ಲೈನ್: ಕೆಲಸಕ್ಕೆ ಗಟ್ಟಿ, ಗೊಂದಲಕ್ಕೂ ಕಮ್ಮಿಯಿಲ್ಲ

ಪುಣೆಯ ಹಿಂಜವಡಿ, ಖರಾಡಿ ಆಫೀಸುಗಳಲ್ಲಿರುವ ಕನ್ನಡಿಗರಿಗೆ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಝ್ಯೂರ್‌ನ 'ಸೆಂಟ್ರಲ್ ಇಂಡಿಯಾ' ರೀಜನ್ (ಡೇಟಾ ಸೆಂಟರ್‌ಗಳ ತಾಣ) ಊರಲ್ಲೇ ಇದೆ. ಅದರ 'ಬ್ಯಾಚ್' ಸೇವೆ ದೊಡ್ಡ ಕೆಲಸವನ್ನು (ಜಾಬ್) ಚಿಕ್ಕ ತುಂಡುಗಳಾಗಿ (ಟಾಸ್ಕ್) ಹಲವು ಮೆಶೀನುಗಳಲ್ಲಿ ಓಡಿಸುತ್ತದೆ. ಜಾಬ್‌ನಲ್ಲಿ ಸಾವಿರಾರು ಟಾಸ್ಕ್ ಇದ್ದರೆ ವೆಬ್ ಪೋರ್ಟಲ್‌ನಲ್ಲಿ ಪುಟ ತಿರುವುತ್ತ ಕೂರಬೇಡಿ, ಕಮಾಂಡ್ ಲೈನೇ ಸೈ.

ಮೊದಲು 'ಬ್ಯಾಚ್ ಅಕೌಂಟ್ ಲಾಗಿನ್'. ಇದಕ್ಕೆ ರಿಸೋರ್ಸ್ ಗ್ರೂಪ್ (ಅಕೌಂಟ್ ಇರುವ ಅಝ್ಯೂರ್ ಗುಂಪು) ಮತ್ತು ಅಕೌಂಟ್ ಹೆಸರು ಬೇಕು. ಆಮೇಲೆ 'ಬ್ಯಾಚ್ ಟಾಸ್ಕ್ ಲಿಸ್ಟ್'ಗೆ ಜಾಬ್ ಐಡಿ ಕೊಟ್ಟರೆ ಪಟ್ಟಿ ಸಿದ್ಧ.

ಎಡವುವುದು ಇಲ್ಲಿ: ಟಾಸ್ಕ್‌ಗೆ 'ಫೇಲ್ಡ್' ಎಂಬ ಸ್ಟೇಟ್ (ಸ್ಥಿತಿ) ಇಲ್ಲವೇ ಇಲ್ಲ. ಇರುವುದು ಆಕ್ಟಿವ್, ಪ್ರಿಪೇರಿಂಗ್, ರನ್ನಿಂಗ್, ಕಂಪ್ಲೀಟೆಡ್, ಈ ನಾಲ್ಕೇ. ಕೆಟ್ಟುಹೋದ ಟಾಸ್ಕೂ 'ಕಂಪ್ಲೀಟೆಡ್' ಅಡಿಯಲ್ಲೇ ಬರುತ್ತದೆ. ಹಾಗಾಗಿ ಪಟ್ಟಿ ಕಮಾಂಡ್‌ನ 'ಫಿಲ್ಟರ್' ಆಯ್ಕೆಯಲ್ಲಿ ಎಕ್ಸಿಟ್ ಕೋಡ್ (ಮುಗಿದಾಗ ಪ್ರೋಗ್ರಾಂ ಕೊಡುವ ಸಂಖ್ಯೆ; ಸೊನ್ನೆ ಎಂದರೆ ಯಶಸ್ಸು) ಸೊನ್ನೆಗಿಂತ ಕಡಿಮೆ ಅಥವಾ ಹೆಚ್ಚು ಎಂದು ಕೇಳಿ. ಅದೂ ಪೂರ್ತಿ ಜಾಲರಿಯಲ್ಲ: ರಿಸೋರ್ಸ್ ಫೈಲ್ (ಟಾಸ್ಕ್‌ಗೆ ಬೇಕಾದ ಫೈಲ್) ಇಳಿಯದೆ ಶುರುವಿಗೆ ಮುಂಚೆಯೇ ಬಿದ್ದ ಟಾಸ್ಕ್‌ಗೆ ಎಕ್ಸಿಟ್ ಕೋಡೇ ಇರದು, ನುಸುಳಿಹೋಗುತ್ತದೆ. 'ಜಾಬ್ ಟಾಸ್ಕ್-ಕೌಂಟ್ಸ್ ಶೋ' ಕೊಡುವ ಫೇಲ್ ಲೆಕ್ಕದ ಜೊತೆ ತಾಳೆ ನೋಡಿ.

'ಫಿಲ್ಟರ್' ಸರ್ವರ್‌ನಲ್ಲೇ ಸೋಸುತ್ತದೆ. 'ಕ್ವೆರಿ' ಎಲ್ಲವನ್ನೂ ಇಳಿಸಿಕೊಂಡು ನಿಮ್ಮ ಮೆಶೀನಿನಲ್ಲಿ ಸೋಸುತ್ತದೆ. ಒಂದು ವಿನಂತಿಗೆ ಗರಿಷ್ಠ 1000 ಟಾಸ್ಕ್ ಬರುವುದರಿಂದ ದೊಡ್ಡ ಜಾಬ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 'ಸೆಲೆಕ್ಟ್'ನಿಂದ ಐಡಿ, ಸ್ಟೇಟ್ ಮಾತ್ರ ತರಿಸಿದರೆ ಇನ್ನೂ ಹಗುರ.

ಒಂದರೊಳಗೊಂದಿರುವ ಫೀಲ್ಡ್ (ಮಾಹಿತಿಯ ಅಂಶ) ಬರೆಯುವಾಗ ಫಿಲ್ಟರ್‌ಗೆ ಸ್ಲ್ಯಾಶ್, ಕ್ವೆರಿಗೆ ಚುಕ್ಕೆ. ಒಂದೇ ಉಪಕರಣದಲ್ಲಿ ಇದ್ಯಾವ ನ್ಯಾಯವೋ! ಫಿಲ್ಟರನ್ನು ಡಬಲ್ ಕೋಟ್‌ನಲ್ಲಿಡಿ, ಒಳಗಿನ ಸ್ಟೇಟ್ ಹೆಸರನ್ನು ಸಿಂಗಲ್ ಕೋಟ್‌ನಲ್ಲಿ. ಐದರಲ್ಲಿ ನಾಲ್ಕು ಸ್ಟಾರ್.