ಮನೆತನದ ತಾರೀಖು ಹುಡುಕಲು ಜನನ-ಮರಣ ವಹಿಗಿಂತ ಹೊಲದ ಕಾಗದವೇ ಮೇಲು

ನಮ್ಮದು ಧಾರವಾಡ ಸೀಮೆಯ ಒಕ್ಕಲುತನದ ಮನೆತನ. ಅಜ್ಜ, ಮುತ್ತಜ್ಜ ಹುಟ್ಟಿದ್ದು ಯಾವಾಗ, ತೀರಿಕೊಂಡದ್ದು ಯಾವಾಗ, ಯಾರಿಗೆ ಯಾರು ಮಕ್ಕಳು ಎಂಬುದನ್ನು ಕಾಗದದ ಆಧಾರದ ಮೇಲೆ ಬರೆದಿಡಬೇಕೆಂದು ಹೊರಟಾಗ ಮೊದಲು ದುಡ್ಡು ಹೋದದ್ದು ವಿದೇಶದ ಒಂದು ವಂಶಾವಳಿ ಜಾಲತಾಣದ ವಾರ್ಷಿಕ ಚಂದಾಕ್ಕೆ. ಭಾರತದ ದಾಖಲೆ ಎಂದು ಅಲ್ಲಿ ನನಗೆ ಕಂಡದ್ದೆಲ್ಲ ಬ್ರಿಟಿಷರ ಕಾಲದ ಚರ್ಚುಗಳಲ್ಲಿ ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪಟ್ಟಿ. ಮದ್ರಾಸ್, ಬಾಂಬೆ, ಬಂಗಾಳ ಪ್ರೆಸಿಡೆನ್ಸಿಗಳಲ್ಲಿದ್ದ ಯುರೋಪಿಯನ್ನರ, ಆಂಗ್ಲೋ-ಇಂಡಿಯನ್ನರ ಮನೆತನಕ್ಕೆ ಅದು ಬಹಳ ಬೆಲೆಯುಳ್ಳದ್ದು. ಹಳ್ಳಿಯ ರೈತನ ಹೆಸರು ಅದರಲ್ಲಿ ಬರುವ ದಾರಿಯೇ ಇಲ್ಲ.

ಆಮೇಲೆ ನಮ್ಮಲ್ಲೇ ಇರುವ ನಾಲ್ಕು ದಾರಿಗಳನ್ನು ಹಿಡಿದೆ: ಜನನ-ಮರಣ ವಹಿ, ಶಾಲೆಯ ಜನರಲ್ ರಿಜಿಸ್ಟರ್ (ಮಕ್ಕಳ ದಾಖಲಾತಿ ಪುಸ್ತಕ), ಹೆಳವರ (ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರ) ವಹಿ, ಹೊಲದ ವಾರಸಾ ನೋಂದು (ಸತ್ತವರ ಹೊಲ ವಾರಸದಾರರ ಹೆಸರಿಗೆ ಆದದ್ದರ ದಾಖಲೆ). ಹೊಲ ಇದ್ದ ಮನೆಯವರಿಗೆ ವಾರಸಾ ನೋಂದಿನಷ್ಟು ಕೆಲಸಕ್ಕೆ ಬರುವ ಕಾಗದ ಇನ್ನೊಂದಿಲ್ಲ. ಬೇರೆ ಮೂರನ್ನೂ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಎಲ್ಲರೂ ಮೊದಲು ಓಡುವುದು ಜನನ-ಮರಣ ನೋಂದಣಿಗೆ. ಹಳ್ಳಿಗಳ ಹಳೆಯ ವಹಿಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. 1969ರ ಕಾಯ್ದೆಯ ಪ್ರಕಾರ ಶುಲ್ಕ ಕಟ್ಟಿ ವಹಿ ಹುಡುಕಿಸಿ ನಕಲು ಪಡೆಯುವ ಹಕ್ಕು ಯಾರಿಗಾದರೂ ಇದೆ. ತೊಡಕಿರುವುದು ಬೇರೆ ಕಡೆ. ಆ ವಹಿಗಳನ್ನು ಬರೆದಿರುವುದು ತಾರೀಖಿನ ಸಾಲಿನಲ್ಲಿ, ಹೆಸರಿನ ಸಾಲಿನಲ್ಲಲ್ಲ. ನಮಗೆ ತಾರೀಖು ಗೊತ್ತಿಲ್ಲದ್ದರಿಂದಲೇ ಅಲ್ಲಿಗೆ ಹೋಗಿರುತ್ತೇವೆ. ಕಚೇರಿಯವರು ಮೊದಲು ಕೇಳುವುದೂ ತಾರೀಖನ್ನೇ. 'ವರ್ಷ ಖಾತ್ರಿ ಇಲ್ದ ಹುಡುಕೂದು ಹೆಂಗ್ರೀ ಸರ?' ಎಂದು ಗುಮಾಸ್ತರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅರ್ಜಿಯಲ್ಲಿ ಒಂದು ವರ್ಷ ಬರೆದರೆ ಆ ವರ್ಷದ ಹಾಳೆಗಳನ್ನಷ್ಟೇ ನೋಡಿ 'ಲಭ್ಯವಿಲ್ಲ' ಎಂದು ಹಿಂಬರಹ ಕೊಡುತ್ತಾರೆ. ಮುಂದಿನ ವರ್ಷದ ಹಾಳೆಯಲ್ಲಿ ಅದೇ ಹೆಸರು ಇದ್ದರೂ ಗೊತ್ತಾಗುವುದಿಲ್ಲ.

ಹೆಸರು ಹಿಡಿದು ಹುಡುಕೋಣವೆಂದರೆ ಮಗುವಿನ ಹೆಸರಿನ ಕಾಲಂ ಎಷ್ಟೋ ಕಡೆ ಖಾಲಿ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಜನನ ಬರೆಸಿರುತ್ತಾರೆ. 'ಗಂಡು' ಅಥವಾ 'ಹೆಣ್ಣು', ಮುಂದೆ ತಂದೆಯ ಹೆಸರು, ಊರು, ಅಷ್ಟೇ. ಒಬ್ಬ ತಂದೆಗೆ ಆರು ಮಕ್ಕಳಿದ್ದು ಅವರಲ್ಲಿ ಇಬ್ಬರು ಎಳವೆಯಲ್ಲೇ ಹೋಗಿದ್ದರೆ ಯಾವ ಸಾಲು ಯಾರದೆಂದು ಬಿಡಿಸಿ ಹೇಳುವವರು ಮನೆಯಲ್ಲಿ ಬೇಕು.

ಎಲ್ಲಕ್ಕಿಂತ ದೊಡ್ಡ ಸಿಕ್ಕು ತವರುಮನೆಯದು. ಹುಟ್ಟು-ಸಾವು ನಡೆದದ್ದು ಎಲ್ಲೋ ಅಲ್ಲಿಯೇ ನೋಂದಣಿಯಾಗಬೇಕು ಎಂಬುದು ಕಾನೂನು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಎರಡನೆಯದಕ್ಕೂ ಎಷ್ಟೋ ಹೆಣ್ಣುಮಕ್ಕಳು ಹೋಗುತ್ತಾರೆ. ಹೀಗಾಗಿ ಅಪ್ಪನ ಊರಿನ ವಹಿಯಲ್ಲಿ ಹಿರಿಯ ಮಗನ ಹೆಸರೇ ಇರುವುದಿಲ್ಲ, ಅದು ಅಜ್ಜಿಯ ತವರೂರಿನಲ್ಲಿ, ಬೇರೊಂದು ತಾಲ್ಲೂಕಿನ ಕಪಾಟಿನಲ್ಲಿರುತ್ತದೆ. ಸಾವಿನದೂ ಹಾಗೆಯೇ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡವರ ಮರಣವನ್ನು ಹಳ್ಳಿಯ ವಹಿಯಲ್ಲಿ ಹುಡುಕಿ ಫಲವಿಲ್ಲ. ತಾರೀಖು ಮತ್ತು ಊರು ಎರಡೂ ಕೈಯಲ್ಲಿದ್ದಾಗ ಮಾತ್ರ ಈ ವಹಿಯ ಬಾಗಿಲು ತಟ್ಟಬೇಕು. ಆಗ ಸಿಗುವ ಸಾಲಿನಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ, ಅದನ್ನು ಒಪ್ಪಲೇಬೇಕು. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಎಷ್ಟೋ ವರ್ಷಗಳ ನಂತರ ಮಾಡಿಸಿದ ನೋಂದಣಿಯ ಮಾತು ಬೇರೆ. ಅದರಲ್ಲಿರುವುದು ಅರ್ಜಿದಾರರು ಹೇಳಿದ ತಾರೀಖು.

ಶಾಲೆಯ ಜನರಲ್ ರಿಜಿಸ್ಟರ್‌ನಲ್ಲಿ ಹುಟ್ಟಿದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ ಇರುತ್ತದೆ, ನೋಡಲಿಕ್ಕೆ ಬಹಳ ಖಾತ್ರಿಯಾಗಿ ಕಾಣುತ್ತದೆ. ಆದರೆ ಒಂದು ಪುಟ ತೆರೆದು ಬೆರಳಿಟ್ಟು ಕೆಳಗಿಳಿಯಿರಿ: ಜೂನ್ 1, ಜೂನ್ 1, ಮತ್ತೆ ಜೂನ್ 1. ಮಗುವನ್ನು ಕರೆತಂದವರಿಗೆ ತಾರೀಖು ಗೊತ್ತಿಲ್ಲದಾಗ ವಯಸ್ಸು ಭರ್ತಿಯಾಗುವಂತೆ ಮಾಸ್ತರರೇ ಬರೆದದ್ದು. ನಾನು ಆ ಕಾಲಂ ಬಿಟ್ಟು ಪಕ್ಕದ 'ಹುಟ್ಟಿದ ಸ್ಥಳ' ನೋಡುತ್ತೇನೆ. ಅದನ್ನು ಬದಲಿಸಿ ಬರೆಸುವ ಗರಜು ಯಾರಿಗೂ ಇರಲಿಲ್ಲ. ನಮ್ಮ ಅಜ್ಜನ ತಾಯಿಯ ತವರೂರು ಗೊತ್ತಾದದ್ದೇ ಆ ಕಾಲಮಿನಿಂದ. ಮನೆಯ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲಿದ್ದ ಹೆಸರು ಕಾಗದದ ಮೇಲೆ ಸಿಕ್ಕಿದ್ದೂ ಇಲ್ಲೇ. ಮುಖ್ಯೋಪಾಧ್ಯಾಯರು ತೋರಿಸಲು ಹಿಂಜರಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು, ಪುಟಕ್ಕೆ 2 ರೂಪಾಯಿ.

ಹೆಳವರ ವಿಷಯಕ್ಕೆ ಬಂದರೆ ನನಗೆ ಗೌರವವೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ, ಗಂಟೆ ಹಿಡಿದು ಬಂದು ಅಂಗಳದಲ್ಲಿ ನಿಂತು ಮನೆತನದ ಹೆಸರುಗಳನ್ನು ಹೇಳುತ್ತ ಹೋಗುವುದನ್ನು ಕೇಳಿದವರಿಗೆ ಗೊತ್ತು. ಮೂಲ ಊರು ಯಾವುದು, ಅಲ್ಲಿಂದ ಎದ್ದು ಬಂದದ್ದು ಎಲ್ಲಿಗೆ, ಬೆಡಗು (ಕುಲದ ಒಳಪಂಗಡ) ಯಾವುದು, ಅಣ್ಣ ತಮ್ಮಂದಿರು ಯಾವ ತಲೆಮಾರಿನಲ್ಲಿ ಬೇರೆಯಾದರು, ಇದೆಲ್ಲ ಯಾವ ಕಚೇರಿಯಲ್ಲೂ ಇಲ್ಲ. ನಮ್ಮ ಮನೆಯ ಹೆಳವರು ಓದಿದಾಗ ನನಗೆ ಗೊತ್ತೇ ಇರದ ಒಂದು ಕವಲು ಹೊರಬಂತು; 'ಅವರು ನಿಮ್ಮ ಅಣ್ಣತಮ್ಮಕಿಯವರರೀ ಯಪ್ಪಾ, ಈಗ ಸವದತ್ತಿ ಕಡೆ ಅದಾರ' ಎಂದರು. ಆದರೆ ತಾರೀಖು ಇಲ್ಲ. ಹೆಣ್ಣುಮಕ್ಕಳ ಹೆಸರೂ ಕಡಿಮೆ. ಅವರು ಬಂದಾಗ ಕಾಳು, ಬಟ್ಟೆ, ಕೈಲಾದಷ್ಟು ಹಣ ಕೊಡಬೇಕು. ಆ ಖರ್ಚು ನನಗೆ ಒಮ್ಮೆಯೂ ಭಾರ ಎನಿಸಿಲ್ಲ.

ಇನ್ನು ವಾರಸಾ ನೋಂದು. ಮಗು ಹುಟ್ಟಿದ್ದನ್ನು ಬರೆಸದ ಮನೆಯವರೂ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಚೇರಿಗೆ ಹೋಗಲೇಬೇಕಾಗಿತ್ತು. ಬಾಂಬೆ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ, ಆದ್ದರಿಂದ ನಮ್ಮ ಕಡೆ ಈ ಸರಪಳಿ ಬಹಳ ಹಿಂದಕ್ಕೆ ಹೋಗುತ್ತದೆ. ಹಿಡಿಯುವುದೂ ಸುಲಭ. ಇವತ್ತಿನ ಉತಾರದ (ಪಹಣಿಯ) 9ನೇ ಕಾಲಮಿನಲ್ಲಿ ಹೆಸರು, 10ರಲ್ಲಿ ಅದು ಬಂದ ಬಗೆ ಮತ್ತು ಹಕ್ಕು ಬದಲಾವಣೆಯ ನಂಬರು. ಆ ನಂಬರಿನ ನಕಲು ತೆಗೆಸಿದರೆ ಅದರೊಳಗೆ ಹಿಂದಿನ ಖಾತೆದಾರ. ಅವನ ಹೆಸರಿಗೆ ಹೊಲ ಹೇಗೆ ಬಂತೆಂದು ನೋಡಿದರೆ ಅದಕ್ಕೂ ಹಿಂದಿನವನು. ಇಲ್ಲಿ ತಾರೀಖು ಬೇಡ, ಸರ್ವೆ ನಂಬರ್ ಒಂದಿದ್ದರೆ ಸಾಕು. ರೈತನ ಮನೆಯಲ್ಲಿ ಅದು ಎಲ್ಲರ ಬಾಯಲ್ಲೂ ಇರುತ್ತದೆ.

ನನಗೆ ಸಿಕ್ಕ ಒಂದು ನೋಂದು ನಾಲ್ಕು ಸಾಲಿನದು. ಮುತ್ತಜ್ಜ ಮಯತ (ತೀರಿಕೊಂಡವರು) ಎಂದು ಬರೆದು, ವಾರಸದಾರರು ಎಂದು ಇಬ್ಬರು ಗಂಡುಮಕ್ಕಳ ಹೆಸರು. ಕಿರಿಯವನ, ಅಂದರೆ ನಮ್ಮ ಅಜ್ಜನ, ಮುಂದೆ ವಯಸ್ಸು 9, ನಂತರ 'ಅ.ಪಾ.ಕ. ತಾಯಿ', ಅಂದರೆ ಅಜ್ಞಾನ (ವಯಸ್ಸಿಗೆ ಬಾರದ) ಮಗುವಿನ ಪಾಲನಕರ್ತಳು. ಸತ್ತವರು, ಮಕ್ಕಳು, ಹೆಂಡತಿ, ಮಗನ ಹುಟ್ಟಿದ ವರ್ಷದ ಅಂದಾಜು, ಎಲ್ಲ ಒಂದೇ ಕಡೆ ಬಂತು. ಆ ವರ್ಷ ಹಿಡಿದು, ಶಾಲೆಯ ರಿಜಿಸ್ಟರ್ ಹೇಳಿದ ತವರೂರಿನ ಜನನ ವಹಿ ತೆಗೆಸಿದಾಗ ಅಜ್ಜನ ಜನನ ಸಿಕ್ಕಿತು. ಹೆಸರಿನ ಕಾಲಂ ಖಾಲಿಯಿತ್ತು, ತಂದೆಯ ಹೆಸರು ಸರಿಯಾಗಿತ್ತು.

ಕೊರತೆ ಇಲ್ಲವೆಂದಲ್ಲ. ವಾರಸಾ ಮಾಡಿಸಿದ ದಿನ ಸತ್ತ ದಿನವಲ್ಲ. ಸತ್ತವರ ಹೆಸರಿನಲ್ಲೇ ದಶಕಗಟ್ಟಲೆ ಹೊಲ ಉಳಿದ ಮನೆಗಳು ಊರೂರಲ್ಲಿವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಿಂತ ಹಿಂದಿನ ನೋಂದುಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳು ಕಾಣುವುದು ಅಪರೂಪ. ಹಳೆಯ ಕೆಲವು ಹಾಳೆಗಳು ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಇದ್ದು ಓದಿಸಲು ಜನ ಬೇಕು. ಕಲಬುರಗಿ, ರಾಯಚೂರು ಕಡೆಯವರಿಗೆ ಉರ್ದು ಮತ್ತು ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಎದುರಾಗುತ್ತದೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ.

ನನ್ನಂತೆ ರಜೆ ಸಿಕ್ಕಾಗ ಮಾತ್ರ ಊರಿಗೆ ಹೋಗುವವರು, ಖರ್ಚಿಗೂ ಲೆಕ್ಕ ಇಡುವವರು, ಮೊದಲು ಉತಾರದಿಂದ ಹಿಂದಕ್ಕೆ ನಡೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆ ಸ್ಕ್ಯಾನ್ ಆಗುತ್ತಿರುವುದರಿಂದ ನಕಲು ಸಿಗುವುದು ಮೊದಲಿಗಿಂತ ಸಲೀಸು. ಸ್ವಂತ ಹೊಲ ಇರದೆ ಲಾವಣಿಗೆ (ಗೇಣಿಗೆ) ಉಳುತ್ತಿದ್ದ ಮನೆತನವಾದರೆ 1974ರಿಂದೀಚೆಗೆ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ (ಉಳುವವರು ಹೊಲದ ಹಕ್ಕು ಕೇಳಿದ ಅರ್ಜಿ) ಕೇಳಿ. ಎಷ್ಟು ಕಾಲದಿಂದ, ಯಾರಾದ ಮೇಲೆ ಯಾರು ಉಳುತ್ತ ಬಂದರು ಎಂಬ ಹೇಳಿಕೆ ಆ ಕಡತದಲ್ಲಿ ಇರುವ ಸಾಧ್ಯತೆ ಬಹಳ.